ಡಬರಿ ಬಂತು, ಕೌದಿ ಹೋತು

ಮಗಳು ಪುಣೆಯಿಂದ ಫೋನ್ ಮಾಡಿದ್ಲು. ಚೊಚ್ಚಲ ಬಸುರಿ, ಏಳು ತುಂಬಿ ಎಂಟರಾಗ ಬಿದ್ದೈತಿ, ಬಾಣಂತನಕ್ಕ ಇಲ್ಲಿಗೇ ಬರ್ತಾಳ. ಅಕಿ ಬರೂಕಿಂತ ಮೊದಲ ಅಕಿ ಆರ್ಡರ್ ಮಾಡಿದ ಡಬ್ಬಿಗೋಳು ಬರಾಕ ಹತ್ಯಾವ. ಸೊಳ್ಳಿ ಪರದಿ, ಗಿಲಕಿ, ಕೂಸಿನ ಸೋಪು, ಕೂಸಿಗೆ ಸುತ್ತಾಕ ಬಿಳೀ ಅರಿವಿ. ಸೊಲ್ಲಾಪುರ ರಸ್ತೇದ ಮ್ಯಾಲ ನಮ್ಮ ಮನಿ ಹುಡುಕಿ ಹುಡುಕಿ ಆ ಪಾರ್ಸಲ್ ಹುಡುಗಗ ಈಗ ನಮ್ಮ ನಾಯಿನೂ ಬೊಗಳಂಗಿಲ್ಲ, ಅಷ್ಟು ಪರಿಚಯ ಆಗೇತಿ.

ಫೋನ್ ಇಡೂ ಮುಂದ ಮಗಳು ಒಂದು ಮಾತು ಅಂದ್ಲು: "ಮಮ್ಮೀ, ಎಲ್ಲಾ ತರಿಸೀನಿ. ಕೌದಿ ಒಂದು ಮಾತ್ರ ನೀನೇ ಹೊಲೀಬೇಕು. ನಮಗ ಆಯಿ ಹೊಲಿದಿದ್ಲಲ್ಲ, ಅಂಥಾದ್ದು. ಹಳೇ ಸೀರೀದು. ಹೊಸಾ ಅರಿವೀದು ಬ್ಯಾಡ."

ಅಕಿ ಆಯಿ ಅಂದ್ರ ನಮ್ಮವ್ವ.

"ಆತು ತಗೋ, ಅದೇನು ದೊಡ್ಡ ಮಾತು" ಅಂದೆ. ಮಧ್ಯಾಹ್ನ ಕಪಾಟು, ಟ್ರಂಕು ಎರಡೂ ತಗದು ಕುಂತೆ. ಎಣಿಸಿದ್ರ ನಲವತ್ತರ ಮ್ಯಾಲ ಸೀರಿ ಅದಾವ. ಒಂದೊಂದರ ಮ್ಯಾಲೂ ಒಂದು ಹನಿ ನೀರು ಹಾಕಿ ನೋಡಿದೆ. ನಮ್ಮವ್ವ ಕಲಿಸಿದ ಪರೀಕ್ಷಾ ಅದು. ಹನಿ ತಟ್ಟನ ಒಳಗ ಹೋದ್ರ ಹತ್ತಿ, ಮ್ಯಾಲ ಮಣಿಯಂಗ ಕುಂತ್ರ ಅದು ಕೂಸಿಗೆ ಬರಂಗಿಲ್ಲ. ನನ್ನ ಸೀರಿಗಳ ಮ್ಯಾಲ ಹನಿ ಎಲ್ಲಾ ಮಣಿಯಂಗ ಕುಂತು ನನ್ನ ಮುಖಾನೇ ನೋಡಾಕ ಹತ್ತಿದ್ವು. ನಾಲ್ಕು ರೇಶ್ಮಿ ಅದಾವ, ಅವನ್ನ ಯಾರೂ ಹರಿಯಂಗಿಲ್ಲ. ಉಳಿದದ್ದೆಲ್ಲಾ ಪಾಲಿಸ್ಟರ್, ಸಿಂಥೆಟಿಕ್, "ಸಿಲ್ಕಿನಂಥಾ" ಅನ್ನೋ ಸೀರಿ. ಕೌದಿಗೆ ಬರೋ ಸೀರಿ ಒಂದೂ ಇಲ್ಲ.

ನಲವತ್ತು ಸೀರಿ ಇದ್ದಾಕಿ ಕಡೆ ಇಲ್ಲದ್ದು, ಎರಡೇ ಸೀರಿ ಇದ್ದ ನಮ್ಮಾಯಿ ಕಡೆ ಹೆಂಗ ಇತ್ತು? ಅವತ್ತಿನಿಂದ ಇದೇ ತಲ್ಯಾಗ ಹೊಕ್ಕೈತಿ. ಅವ್ವನ್ನ ಕೇಳಿದೆ, ಓಣ್ಯಾಗ ಹಿರೇರನ್ನ ಕೇಳಿದೆ, ಒಂದೆರಡು ಪುಸ್ತಕಾನೂ ನೋಡಿದೆ. ಕೌದೀದು ಒಂದು ಇತಿಹಾಸ ಬರದ್ರ ಹೆಂಗ ಅನಿಸ್ತು.

ಬರಿಯಾಕ ಕುಂತಾಗ ಮೊದಲ ಅಡ್ಡಿ ಬಂದದ್ದು ಪುರಾವೇದು. ಗೋಳಗುಮ್ಮಟದ ಇತಿಹಾಸ ಬರೀಬೇಕಂದ್ರ ಗೋಳಗುಮ್ಮಟ ಅಲ್ಲೇ ನಿಂತೈತಿ, 1656ರಿಂದ. ಕೌದಿ ಹಂಗ ನಿಲ್ಲಂಗಿಲ್ಲ. ಅದು ಹುಟ್ಟಿದಾಗಲೇ ಅರ್ಧ ಸವದಿರ್ತೈತಿ. ಒಂದು ಕೂಸು, ಎರಡು ಕೂಸು, ಆಮ್ಯಾಲ ಅಡಗಿ ಮನ್ಯಾಗ ಕಾಲ್ಕೆಳಗಿನ ಅರಿವಿ, ಕಡೀಕ ನೆಲ ಒರಸೋದು, ಅಲ್ಲಿಗೆ ಮುಗೀತು. ನೂರು ವರ್ಷದ ಕೂಸಿನ ಕೌದಿ ನಮ್ಮ ಊರಾಗ ಯಾರ ಮನ್ಯಾಗರ ಐತೇನು, ನೋಡಿ ಹೇಳ್ರಿ. ಕುಂಚಗಿ ಸಿಗ್ತಾವ, ಕುಲಾಯಿ ಸಿಗ್ತಾವ. ನಮ್ಮನ್ಯಾಗೂ ಒಂದು ಕುಂಚಗಿ ಐತಿ, 1963ರಾಗ ನಾ ಹುಟ್ಟಿದಾಗ ನಮ್ಮ ಅತ್ತಿ, ಅಂದ್ರ ಅಪ್ಪನ ತಂಗಿ, ಕೈಲೆ ಹೊಲಿದಿದ್ದು. ಗುಳೇದಗುಡ್ಡದ ಖಣ, ಅಂಚಿಗೆ ಜರಿ ಪಟ್ಟಿ, ನೆತ್ತಿಗೊಂದು ಗೊಂಡೆ. ತೊಟ್ಟಲದಾಗ ಹಾಕೋ ದಿನ ಕೂಸಿನ ಕಿವ್ಯಾಗ ಹೆಸರು ಹೇಳಾಕಿ ಅತ್ತಿ, ಕುಂಚಗಿ ತರಾಕೀನೂ ಅತ್ತಿ. ವರ್ಷದಾಗ ನಾಕು ದಿನ ಹಾಕಿ ತಗದಿಡೋದು ಅದು, ಅದಕ್ಕ ಉಳೀತು. ದಿನಾ ಕೂಸಿನ ಉಚ್ಚಿ ಕುಡದ ಕೌದಿ ಉಳೀಲಿಲ್ಲ. ಪೆಟಗ್ಯಾಗ ಇಟ್ಟದ್ದರ ಲೆಕ್ಕ ಸಿಗ್ತೈತಿ, ಮೈಗೆ ಬಂದದ್ದರ ಲೆಕ್ಕ ಬಾಯಿಮಾತಿನಾಗ ಅಷ್ಟೇ. ಅದಕ್ಕ ನಾನೂ ಬಾಯಿಮಾತೇ ಬರೀತೀನಿ.

ನಮ್ಮಾಯಿ ಟಿಕೋಟಾ ಕಡೇದಾಕಿ. ಅಕಿ ಲಗ್ನ ಆಗಿ ಬಂದಾಗ ಈ ಭಾಗ ಇನ್ನೂ ಮುಂಬೈ ಪ್ರಾಂತದಾಗಿತ್ತು. ಎರಡು ಪತ್ತಲ, ಒಂದು ಉಟ್ಟದ್ದು, ಒಂದು ಒಣ ಹಾಕಿದ್ದು. (ಸೀರಿ ಅಂತ ಅಕಿ ಅಂತಿರ್ಲಿಲ್ಲ, ಪತ್ತಲ ಅಂತಿದ್ಲು.) ಇಳಕಲ್ಲದ ಕೈಮಗ್ಗದ ಪತ್ತಲ: ಒಡಲು ಹತ್ತೀದು, ಸೆರಗು ಕೆಂಪು ರೇಶ್ಮೀದು, ಎರಡನ್ನೂ ಮಗ್ಗದ ಮ್ಯಾಲೇ ಎಳಿ ಎಳಿ ಕೊಂಡಿ ಹಾಕಿ ಕೂಡಿಸಿರ್ತಾರ. ಇಳಕಲ್ಲ ಆವಾಗ ನಮ್ಮ ಜಿಲ್ಲಾದಾಗೇ ಇತ್ತು. ಬಾಗಲಕೋಟಿ ಬ್ಯಾರೆ ಜಿಲ್ಲಾ ಆದದ್ದು 1997ರಾಗ. ಒಂದು ಪತ್ತಲ ಎಷ್ಟು ವರ್ಷ ಬರ್ತಿತ್ತು ಅಂತ ಅವ್ವನ್ನ ಕೇಳಿದ್ರ "ಹರಿಯೂ ತನಕ" ಅಂದ್ಲು. ಹರಿದ ಮ್ಯಾಲೂ ಮುಗೀತಿರ್ಲಿಲ್ಲ. ಸವದದ್ದು ನಡುವಿನ ಭಾಗ. ಅದನ್ನ ನಡುವ ಕತ್ತರಿಸಿ ಅಂಚು ಒಳಗ ತಂದು ಕೂಡಿಸಿ ಮತ್ತ ಉಡ್ತಿದ್ರು. ಅದೂ ಸವದ್ರ ಹುಡುಗೀರಿಗೆ ಪರಕಾರ. ಪರಕಾರ ಹರದ್ರ ಕೌದಿ.

ನೋಡ್ರಿ ಎಂಥಾ ವಿಚಿತ್ರ: ಸುತ್ತ ಎರಿ ಹೊಲ, ಹೊಲದ ತುಂಬ ಹತ್ತಿ. ಅಮೆರಿಕದಾಗ 1861ರಿಂದ 1865ರ ತನಕ ಒಳಜಗಳ ನಡದಾಗ ಇಂಗ್ಲೆಂಡಿನ ಗಿರಣಿಗೆ ಹತ್ತಿ ಸಿಗದೆ ನಮ್ಮ ಕಡೆ ಹತ್ತಿಗೆ ಬಂಗಾರದ ಧಾರಣಿ ಬಂದಿತ್ತಂತ. 1870ರ ದಶಕದಾಗ ಸೊಲ್ಲಾಪುರದಾಗ ಮೊದಲನೇ ಗಿರಣಿ ಸುರು ಆತು, ಆಮ್ಯಾಲ ನರಸಿಂಗ ಗಿರಜಿ, ವಿಷ್ಣು, ಲಕ್ಷ್ಮಿ ಅಂತ ಒಂದರ ಹಿಂದ ಒಂದು. 1884ರ ಹೊತ್ತಿಗೆ ವಿಜಾಪುರಕ್ಕ ರೈಲೂ ಬಂತು. ನಮ್ಮ ಹತ್ತಿ ಗಾಡ್ಯಾಗ, ರೈಲಿನಾಗ ಹೋಗಿ ಗಿರಣಿ ಅರಿವಿ ಆಗಿ ಬಜಾರಕ್ಕ ತಿರುಗಿ ಬರಾಕ ಹತ್ತಿತು. ಆದ್ರೂ ಹತ್ತಿ ಬಿಡಿಸಿದಾಕಿ ಮೈಮ್ಯಾಲ ಎರಡೇ ಪತ್ತಲ.

ಅಂಥಾದ್ರಾಗ ಹುಟ್ಟಿದ ಕೂಸಿಗೆ ಹೊಸಾ ಅರಿವಿ ಎಲ್ಲಿಂದ ತರೋದು? ತರಬಾರದು ಅಂತನೇ ಒಂದು ಶಾಸ್ತ್ರ ಇತ್ತು. ನಮ್ಮ ಕಡೆ ಐದೇಶಿ ಆಗೂ ತನಕ, ಕೆಲವರ ಮನ್ಯಾಗ ತೊಟ್ಟಲದಾಗ ಹಾಕೂ ತನಕ, ಕೂಸಿಗೆ ಹೊಸಾದ್ದು ಹಾಕಂಗಿಲ್ಲ. ಹಳೇ ಅರಿವೀನೇ ಸುತ್ತಬೇಕು, ಹಳೇದ್ದರ ಮ್ಯಾಲೇ ಮಲಗಸಬೇಕು. ದೃಷ್ಟಿ ಆಗಂಗಿಲ್ಲ ಅನ್ನೋದು ಒಂದು ಕಾರಣ. ಬಡತನಾನೂ ಒಂದು ಕಾರಣ ಅಂತ ನಾ ತಿಳೀತೀನಿ, ಅದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ಆದ್ರ ಮೂರನೇ ಕಾರಣ ಎಲ್ಲಾಕ್ಕಿಂತ ಖರೆ: ಹತ್ತು ವರ್ಷ ಒಗದ ಹತ್ತಿ ಅರಿವೀಯಷ್ಟು ಮೆತ್ತಗಿನದು ಯಾವುದೂ ಇಲ್ಲ. ಗಂಜಿ ಹೋಗಿರ್ತೈತಿ, ಬಣ್ಣ ಬಿಡೋದು ಬಿಟ್ಟಿರ್ತೈತಿ, ನೀರು ಬಿದ್ದಕೂಡಲೆ ಕುಡೀತೈತಿ.

ಇದು ನಮ್ಮ ಊರಿನ ಬುದ್ಧಿ ಅಷ್ಟೇ ಅಲ್ರಿ. ಮರಾಠಿಯವರು ಗೋಧಡಿ ಅಂತಾರ, ಬಂಗಾಳದಾಗ ಕಾಂಥಾ. ಬಿಹಾರದಾಗ ಸುಜನಿ ಅಂತ ಐತಿ, ಅದು ಮೂಲದಾಗ ಹುಟ್ಟಿದ ಕೂಸಿಗಂತಲೇ ಹಳೇ ಸೀರೀಲೆ ಹೊಲಿಯೋದು. ಅಲ್ಲಿ ಚಿಂದಿಗೇ ಒಬ್ಬ ದೇವಿ ಅದಾಳಂತ, ಚಿತಿರಿಯಾ ಮಾ. ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಮಕ್ಕಳು ಹೊಲಿಯೋ ಕೌದಿ ಅಮೆರಿಕದ ತನಕ ಹೋಗಿ ಪ್ರದರ್ಶನದಾಗ ಗ್ವಾಡಿಗೆ ತೂಗಿ ಬಂದಾವ. ಭಾಷಾ ಬ್ಯಾರೆ, ಹೆಸರು ಬ್ಯಾರೆ, ಸೂಜಿ ಓಡಿದ ರೀತಿ ಮಾತ್ರ ಒಂದೇ.

ನಮ್ಮವ್ವ ಹುಟ್ಟಿದ್ದು 1943ರಾಗ. ಮಹಾಯುದ್ಧದ ಕಾಲ. ಅದೇ ವರ್ಷ ಸರ್ಕಾರದವರು ಅರಿವೀ ಮ್ಯಾಲ ಕಂಟ್ರೋಲ್ ಹಾಕಿದ್ರು. ಥಾನಿನ ಮ್ಯಾಲ ಧಾರಣಿ ಶಿಕ್ಕಾ ಹೊಡದೇ ಮಾರಬೇಕು, ಮಂದಿಗೆ ಇಷ್ಟೇ ಕೊಡಬೇಕು ಅಂತ. "ಕಂಟ್ರೋಲ್ ಅರಿವಿ" ಅನ್ನೋ ಮಾತು ನಮ್ಮ ಹಿರೇರ ಬಾಯಾಗ ಇನ್ನೂ ಐತಿ. ಆ ವರ್ಷ ಆಯಿ ಕಡೆ ಕೂಸಿನ ಕೌದಿಗೆ ಹಳೇ ಪತ್ತಲಾನೂ ಇರ್ಲಿಲ್ಲ, ಯಾಕಂದ್ರ ಹಳೇದ್ದನ್ನೇ ಉಟ್ಟಿದ್ಲು. ಅದಕ್ಕ ಏನು ಮಾಡಿದ್ಲಂದ್ರ, ಮುತ್ಯಾನ ರುಮಾಲು ತಗೊಂಡ್ಲು. ಮುತ್ಯಾ ಸಂತಿಗೆ ಹೋಗಾಕ ತಲಿಗೆ ಸುತ್ತೋ ಬಿಳೀ ರುಮಾಲು, ಉದ್ದಂದ್ರ ಉದ್ದ. ಕೇಳದೇ ಅರ್ಧ ಹರದು, ನಾಕು ಪದರು ಮಡಚಿ, ಟಾಕಿ ಹಾಕಿ ಮಗಳನ್ನ ಅದರ ಮ್ಯಾಲ ಮಲಗಿಸಿದ್ಲು. ಮುಂದಿನ ಸಂತಿಗೆ ಮುತ್ಯಾನ ತಲಿ ಸಣ್ಣದಾಗಿ ಕಂಡಿತಂತ, ಮಂದಿ ಕೇಳಿದ್ರ "ಉಳಿದದ್ದು ಮಗಳು ಸುತ್ತಕೊಂಡಾಳ" ಅಂತಿದ್ನಂತ. ಈ ಕತಿ ನಮ್ಮ ಮನ್ಯಾಗ ನೂರು ಸಲ ಹೇಳ್ಯಾರ. ನಮ್ಮವ್ವ ಎಂಬತ್ತು ದಾಟಿದ್ರೂ ಹೇಳೂ ಮುಂದ ಇನ್ನೂ ನಗ್ತಾಳ.

ಆಮ್ಯಾಲ ಕಾಲ ಸುಧಾರಿಸಿತು. 1956ರಾಗ ನಾವು ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕ ಬಂದ್ವಿ. ಅವ್ವನ ಲಗ್ನದಾಗ ಐದು ಸೀರಿ ಬಂದಿದ್ವಂತ, ಐದೂ ಹತ್ತೀವು. ನಾವು ಸಣ್ಣವರಿದ್ದಾಗ, ಅಂದ್ರ ಅರವತ್ತು ಎಪ್ಪತ್ತರ ದಶಕ, ನಮ್ಮ ಮನ್ಯಾಗ ಕೌದೀದು ಸುಗ್ಗಿ. ಬ್ಯಾಸಗಿ ಸೂಟಿ ಬಂತಂದ್ರ ಗ್ವಾಡಿ ನೆಳ್ಳಾಗ ಸೀರಿ ಹಾಸಿ, ಸುತ್ತ ಅವ್ವ, ಕಾಕು, ಅತ್ತಿ, ಓಣ್ಯಾಗಿನವರು. ಸೂಜ್ಯಾಗ ದಾರ ಪೋಣಿಸೋದು ನಮ್ಮ ಕೆಲಸ, ಯಾಕಂದ್ರ ನಮ್ಮ ಕಣ್ಣು ಚುರುಕು. ತ್ರಿಕೋನ ತುಂಡು ಕತ್ತರಿಸಿ ಬಣ್ಣ ಬಣ್ಣ ಜೋಡಿಸಿಡೋದೂ ನಮ್ಮದೇ. ಉಳಿದ ಚೂರಿನಾಗ ಹತ್ತಿ ತುಂಬಿ ಗಿಳಿ ಮಾಡ್ತಿದ್ವಿ, ಖಣದ ಗಿಳಿ, ಕೊಕ್ಕಿಗೆ ಕೆಂಪು ಚೂರು. ಐದು ಗಿಳಿ ಒಂದು ಕಟ್ಟಗೀಗೆ ಕಟ್ಟಿ ತೊಟ್ಟಲದ ಮ್ಯಾಲ ತೂಗು ಹಾಕಿದ್ರ ಕೂಸು ತಾಸುಗಟ್ಟಲೆ ಕೈಕಾಲು ಬಡಕೋತ ನೋಡ್ತಿತ್ತು. (ಮಣಿ, ಗುಂಡಿ ಹಚ್ಚಬ್ಯಾಡ್ರಿ ಮತ್ತ. ಕಿತ್ತಿ ಬಾಯಾಗ ಹಾಕ್ಕೋತಾವ. ಅವ್ವನೂ ಕಣ್ಣನ್ನ ದಾರದಲೇ ಹೊಲೀತಿದ್ಲು.) ದೊಡ್ಡ ಕೌದಿಗೆ ಗೊಂದಲಿಗರ ಹೆಣ್ಮಕ್ಕಳು ಬರ್ತಿದ್ರು, ಜ್ವಾಳ ಇಸ್ಕೊಂಡು ಎರಡು ದಿನದಾಗ ಹೊಲಿದು ಕೊಡ್ತಿದ್ರು. ಅವರ ಟಾಕಿ ನೋಡಬೇಕಿತ್ತು ನೀವು, ಪಟ್ಟಿ ಇಟ್ಟು ಗೆರಿ ಎಳದಂಗ. ಆದ್ರ ಕೂಸಿನ ಕೌದಿ ಮಾತ್ರ ಮನ್ಯಾಗಿನವರೇ ಹೊಲೀಬೇಕು, ಅದಕ್ಕ ಕೂಲಿ ಕೊಡಂಗಿಲ್ಲ.

ಈಗ ನನ್ನ ಕತಿಗೆ ಬರ್ತೀನಿ. ಹೇಳಾಕ ನಾಚಿಕಿ ಬರ್ತೈತಿ, ಆದ್ರ ಇದನ್ನ ಬಿಟ್ರ ಉಳಿದದ್ದು ಬರದೂ ಉಪಯೋಗಿಲ್ಲ.

1985. ನಾ ಚೊಚ್ಚಲ ಬಸುರಿ. ಗಂಡನ ಮನಿ ವಿಜಾಪುರ, ಹೊಸಾ ಸಂಸಾರ. ಆವಾಗ ನೈಲಾನ್ ಸೀರಿ, ಟೆರಿಲೀನ್ ಸೀರಿ ಎಲ್ಲಾರಿಗೂ ಹುಚ್ಚು ಹಿಡಿಸಿದ್ವು. ಇಸ್ತ್ರಿ ಬ್ಯಾಡ, ಗಂಜಿ ಬ್ಯಾಡ, ಒಗದ್ರ ಅರ್ಧ ತಾಸಿನಾಗ ಒಣಗ್ತಾವ. ಕೊಡ ಹೊತ್ತು ನೀರು ತಂದು ಒಗಿಯಾಕಿಗೆ ಅದು ಎಂಥಾ ಸುಖ ಅಂತ ಈಗಿನ ಹುಡುಗೀರಿಗೆ ತಿಳಿಯಂಗಿಲ್ಲ, ಅದಕ್ಕ ನಾ ನೈಲಾನ್‌ನ್ನ ಬೈಯಾಂಗಿಲ್ಲ. ಅದರ ಜೋಡಿನೇ ಸ್ಟೀಲ್ ಬಾಂಡೆ ಬಂದ್ವು. ಹಿತ್ತಾಳಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸಾಕಾಗಿದ್ದ ಕೈಗೆ ಸ್ಟೀಲ್ ಅಂದ್ರ ಬೆಳ್ಳಿ ಇದ್ದಂಗ. ಮತ್ತ ಅದನ್ನ ರೊಕ್ಕ ಕೊಟ್ಟು ಕೊಳ್ಳಬೇಕಂತೂ ಇರ್ಲಿಲ್ಲ. ಬುಟ್ಟಿ ಹೊತ್ತ ಬಾಂಡೆದಾಕಿ ಓಣ್ಯಾಗ ಕೂಗ್ತಿದ್ಲು: "ಹಳೇ ಸೀರಿ ಕೊಡ್ರೇವ್ವಾ, ಬಾಂಡೆ ತಗೋರಿ!"

ಅವ್ವ ಮೊದಲ ತಿಂಗಳದಾಗೇ ಒಂದು ಗಂಟು ಕಳಿಸಿದ್ಲು. ನಾಕು ಹಳೇ ಇಳಕಲ್ಲ ಸೀರಿ, ಅಕಿ ಲಗ್ನದವು, ಚಿಕ್ಕಿ ಪರಾಸ ದಡೀವು. "ಇವು ಕೂಸಿಗೆ, ನಾ ಬಂದು ಹೊಲೀತೀನಿ" ಅಂತ ಹೇಳಿ ಕಳಿಸಿದ್ಲು. ನಾ ಅವನ್ನ ಬಿಚ್ಚಿ ನೋಡಿದೆ. ಬಣ್ಣ ಹೋಗಿತ್ತು, ಅಲ್ಲಲ್ಲಿ ಜಾಳಜಾಳ. ಅವತ್ತೇ ಬಾಂಡೆದಾಕಿ ಬಾಗಿಲಿಗೆ ಬಂದ್ಲು. ಕೂಸಿಗೆ ಸೊಲ್ಲಾಪುರ ಚಾದರ ತಂದ್ರಾತು, ಈಗ ಯಾರು ಚಿಂದಿ ಹೊಲೀತಾರ ಅನಿಸ್ತು. ನಾಕು ಸೀರಿ ಕೊಟ್ಟೆ. ಒಂದು ಡಬರಿ ಬಂತು. ದೊಡ್ಡದು, ಮುಚ್ಚಳ ಸಹಿತ. ಚೌಕಾಶಿ ಮಾಡಿ ಒಂದು ಸೌಟೂ ಇಸ್ಕೊಂಡೆ. ಅಷ್ಟು ಶಾಣ್ಯಾ ಇದ್ದೆ ನಾ.

ಕುಬಸಕ್ಕ ಅವ್ವ ಬಂದ್ಲು. ಬಂದಾಕಿ ಸೂಜಿ-ದಾರ ತಗದು, "ಆ ಗಂಟು ತಾ" ಅಂದ್ಲು. ನಾ ಹೇಳಿದೆ. ಡಬರಿ ತೋರಿಸಿದೆ. ಅವ್ವ ಅದನ್ನ ಕೈಯಾಗ ಹಿಡದು ಹಿಂದ ಮುಂದ ನೋಡಿ, ಬೆರಳಿಲೆ ಬಡದು, "ಛಲೋ ಐತಿ. ಎಷ್ಟು ಸೇರು ಹಿಡೀತೈತಿ?" ಅಂದ್ಲು. ಅಷ್ಟೇ. ಮತ್ತೊಂದು ಮಾತು ಆಡಲಿಲ್ಲ. ಬೈದಿದ್ರ ಅವತ್ತೇ ಮರತು ಬಿಡ್ತಿದ್ದೆ.

ನಾ ಬಾಣಂತನಕ್ಕ ತವರಿಗೆ ಹೋದಾಗ ಕೌದಿ ತಯಾರ ಇತ್ತು. ಹಸರು, ದಾಳಿಂಬ್ರಿ ಕೆಂಪು, ಅಂಚಿಗೆ ತ್ರಿಕೋನ ಸಾಲು. ನನ್ನ ಮಗ ಅದರ ಮ್ಯಾಲ ಬೆಳದ. ಏಳು ವರ್ಷದ ಮ್ಯಾಲ ಮಗಳೂ ಅದರ ಮ್ಯಾಲೇ ಬೆಳದ್ಲು. ಸೊಲ್ಲಾಪುರ ಚಾದರಾನೂ ತಂದಿದ್ವಿ, ಆದ್ರ ಅದು ದಪ್ಪ, ಒಗದ್ರ ಎರಡು ದಿನ ಒಣಗಲಿಲ್ಲ, ನಾವೇ ಹೊತಗೊಂಡ್ವಿ. ಕೌದೀನ ಕಡೀಕ ನಾದಿನಿ ಕೂಸಿಗೂ ಕೊಟ್ಟೆವು. ತಿರುಗಿ ಬರೂದ್ರಾಗ ಚೂರು ಚೂರು ಆಗಿತ್ತು. ಸ್ಕೂಟರ್ ಒರಸಾಕ ಉಪಯೋಗ ಆತು. ಆ ಕೌದಿಗೆ ಅರಿವಿ ಎಲ್ಲಿಂದ ಬಂತು ಅಂತ ನಾ ನಲವತ್ತು ವರ್ಷ ಒಮ್ಮೆನೂ ಕೇಳಿರಲಿಲ್ಲ.

ಹೋದ ವಾರ ಬಬಲೇಶ್ವರಕ್ಕ ಹೋಗಿ ಕೇಳಿದೆ. ಅವ್ವ ಅಲ್ಲೇ ತಮ್ಮನ ಮನ್ಯಾಗ ಇರ್ತಾಳ. ಕಟ್ಟಿ ಮ್ಯಾಲ ಕುಂತು ಅವರೀಕಾಯಿ ಬಿಡಿಸಾಕ ಹತ್ತಿದ್ಲು.

"ನಿನ್ನ ಆಯಿವು" ಅಂದ್ಲು. "ಅಕಿ ಉಟ್ಟ ಕಡೀ ಎರಡು ಪತ್ತಲ. ಅಕಿ ಹೋದ ಮ್ಯಾಲ ನೆನಪಿಗಂತ ಇಟಗೊಂಡಿದ್ದೆ."

ಆಯಿ ಹೋದದ್ದು 1981ರಾಗ. ಮುತ್ತೈದಿಯಾಗಿ ಹೋದಾಕಿ, ಮೊಮ್ಮಕ್ಕಳನ್ನ ಎತ್ತಿ ಆಡಿಸಿದಾಕಿ, ಅಂಥಾವರ ಸೀರಿ ಕೂಸಿಗೆ ನಡೀತೈತಿ ಅಂತಾರ. ನನಗ ಶಾಸ್ತ್ರದ ಚಿಂತಿ ಇರ್ಲಿಲ್ಲ. ಆ ಸೀರಿಲೆ ಸ್ಕೂಟರ್ ಒರಸಿದ್ದು ನೆನಪಾಗಿ ಗಂಟಲು ಹಿಡಕೊಂಡಿತು.

"ಆವಾಗ್ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನೀ ಅದರ ಮ್ಯಾಲ ಕೂಸಿನ ಮಲಗಸ್ತಿದ್ದಿಯೇನು? ಪೆಟಗ್ಯಾಗ ಇಡ್ತಿದ್ದಿ. ಕೂಸಿಗೆ ಏನು ಹಾಸ್ತಿದ್ದಿ, ಡಬರಿ?" ಅಂದ್ಲು, ಅವರೀಕಾಯಿ ಬಿಡಿಸೋದು ನಿಲ್ಲಿಸಲಿಲ್ಲ.

ಆ ಡಬರಿ ಇನ್ನೂ ಐತಿ. ಒಂದು ಕಡೆ ತಗ್ಗು ಬಿದ್ದೈತಿ ಅಷ್ಟೇ. ದಿನಾ ಹಾಲು ಅದರಾಗೇ ಕಾಸ್ತೀನಿ.

ಹಂಗಾದ್ರ ನಮ್ಮ ಹತ್ತಿ ಸೀರಿ ಎಲ್ಲಿ ಹೋದ್ವು ಅಂತ ಕೇಳಿದ್ರ ಉತ್ತರ ಇದು: ಅರ್ಧ ಬಾಂಡೆ ಬುಟ್ಟ್ಯಾಗ ಹೋದ್ವು, ಅರ್ಧ ನಾವು ಕೊಳ್ಳೋದೇ ಬಿಟ್ವಿ. ಈಗ ಬಜಾರದಾಗ ಇಳಕಲ್ಲ ಅಂತ ಮಾರೋದರಾಗೂ ಎಷ್ಟೋ ವಿದ್ಯುತ್ ಮಗ್ಗದವು, ಪಾಲಿಸ್ಟರ್ ಕೂಡಿಸಿದ್ದವು. 2007ರಾಗ ಇಳಕಲ್ಲ ಸೀರಿಗೆ ಜಿಐ ಗುರುತು ಸಿಕ್ಕೈತಿ ಖರೆ, ಕೊಳ್ಳೂ ಮುಂದ ಹನಿ ನೀರು ಹಾಕಿ ನೋಡಾಕ ಅಂಗಡಿಯವರು ಬಿಡ್ತಾರೇನು! ಮಗಳು ತರಿಸಿದ ಆ ಬಿಳೀ ಅರಿವಿ ಐತಲ್ಲ, ಅದನ್ನ ಮುಟ್ಟಿ ನೋಡಿದೆ. ಮಲಮಲ್! ಇಂಗ್ಲಿಷ್ ಹೆಸರು ಬರದು, ಪ್ಲಾಸ್ಟಿಕ್ ಚೀಲದಾಗ ಹಾಕಿ, ನಮ್ಮ ಮಲಮಲ್ಲನ್ನೇ ನಮಗ ಕಳಿಸ್ಯಾರ. ಚಲೋ ಅರಿವಿ, ಸುಳ್ಳು ಯಾಕ ಹೇಳಲಿ. ಮುತ್ಯಾನ ರುಮಾಲು ಇದ್ದಂಗ ಐತಿ.

ಬಬಲೇಶ್ವರದಿಂದ ಬಂದು ಓಣ್ಯಾಗ ಒಂದು ಮಾತು ಹಾಕಿದೆ: ಹಳೇ ಹತ್ತಿ ಸೀರಿ ಇದ್ರ ಕೊಡ್ರಿ, ಬದಲಿಗೆ ಬಾಂಡೆ ಕೊಡಂಗಿಲ್ಲ. ಎದುರು ಮನಿ ಅಕ್ಕಾರು ಅವರತ್ತಿ ಸೀರಿ ಅರ್ಧ ಕೊಟ್ರು, ಉಳಿದರ್ಧ ಅವರ ಮೊಮ್ಮಗಳಿಗಂತ ಇಟ್ಟಾರ. ಟಿಕೋಟಾದ ವೈನಿ ಗೋಮಿ ದಡೀದು ಒಂದು ಕೊಟ್ಟು ಕಳಿಸ್ಯಾಳ, ಬೆಳಕಿಗೆ ಹಿಡದ್ರ ಜರಡಿಯಂಗ ಕಾಣ್ತೈತಿ, ಅದೇ ಬೇಕಾಗಿತ್ತು. ನಮ್ಮನಿಯವರ ಎರಡು ಹಳೇ ಧೋತರ ಒಳಪದರಿಗೆ ಆದ್ವು, ಈ ಸಲ ಕೇಳೇ ತಗೊಂಡೀನಿ. ಎಲ್ಲಾ ಕುದಿಯೋ ನೀರಿನಾಗ ಹಾಕಿ, ಎರಡು ದಿನ ಬಿಸಲಿಗೆ ಒಣಗಿಸಿದೆ. ಕೂಸಿನ ಕೌದಿ ದೊಡ್ಡದು ಬ್ಯಾಡ, ಒಂದೂವರಿ ಮೊಳ ಅಗಲ, ಎರಡು ಮೊಳ ಉದ್ದ ಸಾಕು, ನಾಕು ಪದರು. ಹೊರಗಿನ ಅಂಚಿನಿಂದ ಸುರು ಮಾಡಿ ಸುತ್ತ ಸುತ್ತ ಒಳಗ ಬರಬೇಕು. ಟಾಕಿ ಗೋಧಿ ಕಾಳಿನಷ್ಟು. ಇದು ಹಾಸಾಕ, ಎಳೇ ಕೂಸಿನ ಮುಖದ ಮ್ಯಾಲ ಹೊದಿಸಾಕಲ್ಲ, ಅದನ್ನ ಮಗಳಿಗೂ ಹೇಳೀನಿ.

ಅವ್ವನ್ನೂ ಕರಕೊಂಡು ಬಂದೀನಿ. ಕಣ್ಣು ಮಂಜು ಆಗ್ಯಾವ, ಸೂಜ್ಯಾಗ ದಾರ ಎದುರು ಮನಿ ಹುಡುಗಿ ಪೋಣಿಸಿ ಕೊಡ್ತಾಳ, ಐದನೇತ್ತೆ ಓದಾಕಿ. ಆ ಹುಡುಗಿ ಎರಡು ಗಿಳಿನೂ ಮಾಡ್ಯಾಳ, ಒಂದು ಬಾತುಕೋಳಿಯಂಗ ಆಗೇತಿ. ಅವ್ವ ಬೆರಳಿಲೆ ತಡವಿ ತಡವಿ ಹೊಲೀತಾಳ. ನನ್ನ ಸಾಲು ಅಕಿಗೆ ಮುಟ್ಟಿದ್ರ ಗೊತ್ತಾಗತೈತಿ, "ಇದು ಬಿಚ್ಚು" ಅಂತಾಳ. ಮೂರು ಸಲ ಬಿಚ್ಚೀನಿ.

ನಡುವ ಅಂಗೈಯಗಲ ಜಾಗ ಇನ್ನೂ ಹೊಲೀಬೇಕು. ಅದು ಕೌದಿ ಹೊಟ್ಟಿ. ನಮ್ಮ ಮನ್ಯಾಗ ಕೌದೀನ ಹಸದ ಹೊಟ್ಟೀಲೆ ಮುಚ್ಚಂಗಿಲ್ಲ, ನಾಕು ಜ್ವಾಳದ ಕಾಳರ ಇಟ್ಟೇ ಕಡೀ ಟಾಕಿ ಹಾಕೋದು. ಕಾಳು ಹುಳ ಹಿಡಿದೀತು ಅಂತ ನಾ ಅಂದ್ರ ಅವ್ವ, "ಹುರದು ಇಡು" ಅಂದ್ಲು. ಅದರ ಮ್ಯಾಲ ಹಚ್ಚಾಕ ಒಂದು ಕೆಂಪು ತುಂಡು ಬೇಕಾಗೇತಿ. ಯಾರ ಕಡೆಯಾದ್ರೂ ಹಳೇ ಹತ್ತೀದು ಇದ್ರ ಶುಕ್ರವಾರದೊಳಗ ತಂದು ಕೊಡ್ರೇವ್ವಾ. ಮಗಳು ರವಿವಾರ ಬರ್ತಾಳ.